ಮಾರ್ಕು ಕಡಿಮೆ ಬಂದವನ ಅರ್ಜಿ

ಕಾಲೇಜಿನ ಬಾಗಿಲಲ್ಲಿ ತಕ್ಕಡಿ ಕಟ್ಟಿ ಮಕ್ಕಳನ್ನು ತೂಗುವ ಪದ್ಧತಿ ಇಂದು ಎಲ್ಲ ದೇಶಗಳಿಗೂ ಹಬ್ಬಿದೆ. ತೂಕ ಸಾಲದವನು ಅರ್ಜಿ ಹಾಕುವುದೇ ತಪ್ಪೆಂದು ಉಳ್ಳವರು ಹೇಳುತ್ತಾರೆ. ಅವರು ಹೇಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಇಲ್ಲದವರೂ ಆ ಮಾತನ್ನು ನಂಬಿ, ಮಗನ ಕೈಯಲ್ಲಿದ್ದ ಅರ್ಜಿಯನ್ನು ಕಿತ್ತಿಟ್ಟು, "ಅದು ನಮ್ಮಂಥವರಿಗಲ್ಲ ಬಿಡಪ್ಪ" ಎನ್ನುವುದುಂಟಲ್ಲ, ಅದನ್ನು ಮಾತ್ರ ನಾನು ಸಹಿಸಲಾರೆ. ಎಂಟು ವರ್ಷ ಮಾಸ್ತರಿಕೆ ಮಾಡಿ ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು ನಾನು. ಎಷ್ಟು ಮನೆಗಳ ಜಗಲಿಯ ಮೇಲೆ ಕುಳಿತು ಆ ಮಾತನ್ನು ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಈ ತಕ್ಕಡಿಗೆ ಹೆಸರಾದ ದೇಶ ಅಮೆರಿಕಾ. ಅಲ್ಲಿ ನೂರು ವರ್ಷಗಳಿಂದ ಅದನ್ನು ಕಟ್ಟಿದ್ದಾರೆ, ಬಿಚ್ಚಿದ್ದಾರೆ, ಮತ್ತೆ ಕಟ್ಟಿದ್ದಾರೆ. "ಯೋಗ್ಯತೆ, ಯೋಗ್ಯತೆ" ಎಂದು ನಮ್ಮೂರಿನ ದೊಡ್ಡ ಮನುಷ್ಯರು ಮಾತೆತ್ತಿದರೆ ಬೆರಳು ತೋರಿಸುವುದೂ ಆ ದೇಶದ ಕಡೆಗೇ. ಆದ್ದರಿಂದ ಅಲ್ಲಿ ನಡೆದದ್ದೇನು ಎಂಬುದನ್ನು ಗಿರಣಿಯ ಗೆಳೆಯರೂ ಅಂಗಡಿಯ ಗೆಳೆಯರೂ ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಅಲ್ಲಿ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರು ಎಸ್.ಎ.ಟಿ. ಎಂಬ ಪರೀಕ್ಷೆಗೆ ಕೂಡುತ್ತಾರೆ. ಇಂಗ್ಲಿಷು ಮತ್ತು ಗಣಿತ ಎಂಬ ಎರಡು ಭಾಗ. ಅತಿ ಕಡಿಮೆ ಅಂಕ 400, ಅತಿ ಹೆಚ್ಚು 1600. ದೇಶವೆಲ್ಲಕ್ಕೂ ಒಂದೇ ಅಳತೆ. ಹಾರ್ವರ್ಡ್, ಯೇಲ್, ಡಾರ್ಟ್‌ಮತ್ ಮೊದಲಾದ ಹೆಸರಾಂತ ಕಾಲೇಜುಗಳಿಗೆ ಸೇರುವವರ ಅಂಕ ಸಾಮಾನ್ಯವಾಗಿ 1500ರ ಆಚೀಚೆ ಇರುತ್ತದೆ. ಆ ಸಂಖ್ಯೆಯನ್ನು ಪತ್ರಿಕೆಯಲ್ಲಿ ಓದಿದ ಬಸ್ ಡ್ರೈವರನ ಮಗಳು, ತನಗೆ ಬಂದ 1390ನ್ನು ನೋಡಿಕೊಂಡು, ಅರ್ಜಿಯ ಹಾಳೆಯನ್ನು ಮಡಿಸಿಟ್ಟುಬಿಡುತ್ತಾಳೆ.

ಅಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಮಗ್ಗದ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಇಬ್ಬರು ನೇಕಾರರಿದ್ದಾರೆನ್ನಿ. ಒಬ್ಬನ ಮಗ್ಗಕ್ಕೆ ಗಟ್ಟಿ ನೂಲು. ಇನ್ನೊಬ್ಬನದಕ್ಕೆ ಗಳಿಗೆಗೊಮ್ಮೆ ಹರಿಯುವ ನೂಲು, ಸಾಲದ್ದಕ್ಕೆ ಮುದಿಯಾದ ಯಂತ್ರ. ಪಾಳಿ ಮುಗಿದಾಗ ಒಬ್ಬನ ಬಟ್ಟೆ 40 ಗಜ, ಇನ್ನೊಬ್ಬನದು 32. ಗಜಕಡ್ಡಿ ಮೋಸ ಮಾಡಲಿಲ್ಲ. ಆದರೆ ಇಬ್ಬರಲ್ಲಿ ಒಳ್ಳೆಯ ನೇಕಾರ ಯಾರು? ಹರಿದ ಎಳೆಯನ್ನು ಮತ್ತೆ ಮತ್ತೆ ಗಂಟುಹಾಕಿ 32 ಗಜ ಇಳಿಸಿದವನ ಕೈಗೆ ಗಟ್ಟಿ ನೂಲು ಕೊಟ್ಟು ನೋಡಿದ ಹೊರತು ಅದು ತಿಳಿಯದು. ಗಜಕಡ್ಡಿ ಬಟ್ಟೆಯನ್ನು ಅಳೆಯಿತೇ ಹೊರತು ನೇಕಾರನನ್ನು ಅಳೆಯಲಿಲ್ಲ. ಮೇಸ್ತ್ರಿ ಮಾತ್ರ ನೇಕಾರನನ್ನೇ ಅಳೆದೆನೆಂದು ರಿಜಿಸ್ಟರಿನಲ್ಲಿ ಬರೆದುಕೊಂಡ.

ಅಮೆರಿಕಾದ ನೂಲು ಹೇಗಿದೆ? ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಯವರು ಆ ದೇಶದ ತೆರಿಗೆ ಲೆಕ್ಕವನ್ನೂ ಪರೀಕ್ಷೆಯ ಅಂಕಗಳನ್ನೂ ಒಟ್ಟಿಗಿಟ್ಟು ನೋಡಿದರು. 2023ರಲ್ಲಿ ಹೊರಬಂದ ಅವರ ಲೆಕ್ಕದ ಪ್ರಕಾರ, 1300 ಅಥವಾ ಅದಕ್ಕೂ ಮೇಲೆ ಅಂಕ ಪಡೆಯುವ ಸಂಭವ ಬಡ ಮನೆಯ ಮಗುವಿಗಿಂತ ಅತಿ ಶ್ರೀಮಂತರಾದ ಶೇಕಡಾ 1ರಷ್ಟು ಮನೆಗಳ ಮಗುವಿಗೆ 13 ಪಾಲು ಹೆಚ್ಚು. ಶ್ರೀಮಂತರ ಹೊಟ್ಟೆಯಲ್ಲಿ 13 ಪಾಲು ಬುದ್ಧಿವಂತರೇ ಹುಟ್ಟುತ್ತಾರೆಂದು ನಂಬುವವರು ನಂಬಲಿ.

ಹಾಗೆ ನಂಬಿದವರೇ ಈ ಪರೀಕ್ಷೆಯನ್ನು ಕಟ್ಟಿದ್ದು ಎಂಬುದು ಚರಿತ್ರೆಯ ಸಂಗತಿ. ಮೊದಲ ಮಹಾಯುದ್ಧದಲ್ಲಿ ಸಿಪಾಯಿಗಳ ಬುದ್ಧಿ ಅಳೆಯಲು ಸೈನ್ಯ ಒಂದು ಪರೀಕ್ಷೆ ನಡೆಸಿತ್ತು. ಅದರ ಅಂಕಗಳನ್ನು ಇಟ್ಟುಕೊಂಡು ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗ್ಯಾಮ್ 1923ರಲ್ಲಿ ಒಂದು ಪುಸ್ತಕ ಬರೆದು, ಉತ್ತರ ಯೂರೋಪಿನ ಬಿಳಿಯರೇ ಬುದ್ಧಿಯಲ್ಲಿ ಮೇಲು, ಉಳಿದವರೆಲ್ಲ ಕೆಳಗೆ ಎಂದು ಸಾಧಿಸಹೊರಟ. 1926ರಲ್ಲಿ ಮೊದಲ ಎಸ್.ಎ.ಟಿ.ಯನ್ನು ಸಿದ್ಧಗೊಳಿಸಿದವನೂ ಅವನೇ. ನಾಲ್ಕು ವರ್ಷ ಕಳೆದು, 1930ರಲ್ಲಿ, ತನ್ನ ಪುಸ್ತಕದ ವಾದಕ್ಕೆ ಆಧಾರವಿಲ್ಲವೆಂದು ತಾನೇ ಬರೆದು ಪ್ರಕಟಿಸಿದ. ಆ ಪ್ರಾಮಾಣಿಕತೆಗೆ ಅವನನ್ನು ಮೆಚ್ಚಬೇಕು. ಪರೀಕ್ಷೆ ಮಾತ್ರ ಅಷ್ಟರಲ್ಲಿ ಅವನ ಕೈಬಿಟ್ಟು ಬೆಳೆಯತೊಡಗಿತ್ತು. ಮೊದಲು ಅದರ ಹೆಸರಿನಲ್ಲಿ 'ಸಹಜ ಸಾಮರ್ಥ್ಯ' ಎಂಬ ಅರ್ಥದ ಮಾತಿತ್ತು. 1990ರ ದಶಕದಲ್ಲಿ ಆ ಮಾತನ್ನು ತೆಗೆದು 'ಮೌಲ್ಯಮಾಪನ' ಎಂದರು. ಕೊನೆಗೆ ಆ ಮೂರು ಅಕ್ಷರಗಳಿಗೆ ಯಾವ ವಿಸ್ತಾರವೂ ಇಲ್ಲ, ಅವು ಬರಿಯ ಅಕ್ಷರಗಳು ಎಂದುಬಿಟ್ಟರು. ಏನನ್ನು ಅಳೆಯುತ್ತೇವೆಂದು ಅಳೆಯುವವರಿಗೇ ಹೇಳಲು ಧೈರ್ಯವಿಲ್ಲದ ಅಳತೆ ಇದು.

ಹಾಗಾದರೆ ಈ ಪರೀಕ್ಷೆಯನ್ನು ಕಿತ್ತೊಗೆದರೆ ಬಡವರಿಗೆ ಬಾಗಿಲು ತೆರೆಯುತ್ತದೆಯೆ? ನಮ್ಮಲ್ಲಿ ಕೆಲವು ಉತ್ಸಾಹಿ ತರುಣರು ಹಾಗೆ ವಾದಿಸುತ್ತಾರೆ. ಅವರು ಹಾರ್ವರ್ಡಿನ ಹಳೆಯ ಕಥೆಯನ್ನು ಕೇಳಬೇಕು.

ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ ಹಾರ್ವರ್ಡಿಗೆ ಬೇರೆ ರೀತಿಯ ಪ್ರವೇಶ ಪರೀಕ್ಷೆಯಿತ್ತು. ಬರೆದು ಪಾಸಾದರೆ ಸೀಟು. ಪೂರ್ವ ಯೂರೋಪಿನಿಂದ ಓಡಿಬಂದ ಯೆಹೂದ್ಯರ ಮಕ್ಕಳು, ಅಂದರೆ ದರ್ಜಿಗಳ, ತಲೆಹೊರೆ ವ್ಯಾಪಾರಿಗಳ, ಸಣ್ಣ ಅಂಗಡಿಕಾರರ ಮಕ್ಕಳು, ದೀಪದ ಬುಡದಲ್ಲಿ ಓದಿ ಆ ಪರೀಕ್ಷೆಯನ್ನು ಗೆದ್ದರು. 1900ರ ಹೊತ್ತಿಗೆ ನೂರಕ್ಕೆ 7ರಷ್ಟಿದ್ದವರು 1922ರ ವೇಳೆಗೆ 20ನ್ನು ದಾಟಿದರು. ಅಧ್ಯಕ್ಷನಾಗಿದ್ದ ಲಾರೆನ್ಸ್ ಲೊವೆಲ್‌ನಿಗೆ ನಿದ್ದೆ ಹತ್ತಲಿಲ್ಲ. ಯೆಹೂದ್ಯರಿಗೆ ಇಷ್ಟೇ ಸೀಟು ಎಂದು ಮಿತಿ ಹಾಕಬೇಕೆಂದು ಬಹಿರಂಗವಾಗಿಯೇ ಸೂಚಿಸಿದ. ಅಧ್ಯಾಪಕರು ಒಪ್ಪಲಿಲ್ಲ. ಆಗ ಬೇರೆ ದಾರಿ ಹುಡುಕಿದರು. 1926ರಿಂದ ಮುಂದೆ ಅಂಕವೊಂದೇ ಸಾಲದು, 'ಶೀಲ' ನೋಡಬೇಕು, 'ವ್ಯಕ್ತಿತ್ವ' ನೋಡಬೇಕು ಎಂದಾಯಿತು. ಅರ್ಜಿಯ ಜೊತೆ ಭಾವಚಿತ್ರ ಬಂತು, ಹಿರಿಯರ ಶಿಫಾರಸು ಬಂತು, ತಂದೆ ಎಲ್ಲಿ ಓದಿದ ಎಂಬ ವಿಚಾರಣೆ ಬಂತು. ದರ್ಜಿಯ ಮಗನಿಗೆ ಅಂಕವಿತ್ತು, ಶೀಲವಿರಲಿಲ್ಲ! ಶೀಲವೆಂಬುದು ಹಾರ್ವರ್ಡಿನಲ್ಲೇ ಓದಿದ ಅಪ್ಪನಿಂದ ಬರುವ ಆಸ್ತಿಯಾಗಿತ್ತು.

ಬಡವನ ಮಗ ತಕ್ಕಡಿಯಲ್ಲಿ ತೂಗಿದ ದಿನ ತಕ್ಕಡಿಯನ್ನೇ ಬದಲಾಯಿಸಿದರು ಎಂಬುದನ್ನು ನಮ್ಮ ವ್ಯಾಪಾರಿ ಗೆಳೆಯರು ಗಮನಿಸಬೇಕು. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು ಇಟ್ಟುಕೊಳ್ಳುವ ಸಾಹುಕಾರರನ್ನು ನೀವು ಕಂಡಿದ್ದೀರಿ.

ಲೊವೆಲ್ ಇಳಿದ ಮೇಲೆ ಬಂದ ಅಧ್ಯಕ್ಷ ಜೇಮ್ಸ್ ಕೊನಂಟ್ ಎಸ್.ಎ.ಟಿ.ಯನ್ನು ಕೈಗೆತ್ತಿಕೊಂಡದ್ದು ಈ ಹಿನ್ನೆಲೆಯಲ್ಲಿ. 1934ರಲ್ಲಿ ದೂರದ ರಾಜ್ಯಗಳ ಸಾಮಾನ್ಯ ಶಾಲೆಗಳಿಂದ ಜಾಣ ಹುಡುಗರನ್ನು ಆರಿಸಿ ವಿದ್ಯಾರ್ಥಿ ವೇತನ ಕೊಡಲು ಅದನ್ನು ಬಳಸಿದರು. ಆ ಮಟ್ಟಿಗೆ ಪರೀಕ್ಷೆ ಒಂದು ಕಿಟಕಿಯನ್ನು ತೆರೆಯಿತೆಂಬುದನ್ನು ಮರೆಮಾಚಬಾರದು. ಕೊಳಾಯಿ ರಿಪೇರಿ ಮಾಡುವವನ ಮಗ ಸ್ಟಾನ್ಲಿ ಕ್ಯಾಪ್ಲನ್ 1938ರಲ್ಲಿ ಬ್ರೂಕ್ಲಿನ್ನಿನ ತನ್ನ ತಂದೆಯ ಮನೆಯ ನೆಲಮಾಳಿಗೆಯಲ್ಲಿ ಮನೆಪಾಠ ಶುರುಮಾಡಿದ. ಯುದ್ಧ ಮುಗಿದ ಮೇಲೆ ಇದೇ ಪರೀಕ್ಷೆಗೆ ಪಾಠ ಹೇಳತೊಡಗಿದ. ಅವನ ಬಳಿಗೆ ಬಂದವರು ವಲಸೆಗಾರರ ಮಕ್ಕಳು. ಈ ಪರೀಕ್ಷೆಗೆ ಪಾಠ ಹೇಳಿ ಅಂಕ ಏರಿಸಲು ಸಾಧ್ಯವೇ ಇಲ್ಲವೆಂದು ಪರೀಕ್ಷೆ ನಡೆಸುವವರು ಸಾಧಿಸುತ್ತಿದ್ದರು. ಅವನು ಏರಿಸಿ ತೋರಿಸುತ್ತಿದ್ದ. 1984ರಲ್ಲಿ ಅವನ ಕಂಪನಿಯನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಮಾಲೀಕರು ಕೊಂಡರು. ಅಲ್ಲಿಂದಾಚೆಗೆ ಅಂಕವೂ ಪೇಟೆಯ ಸರಕಾಯಿತು. ಹಣವುಳ್ಳವರು ಗಂಟೆಯ ಲೆಕ್ಕದಲ್ಲಿ ಮಾಸ್ತರನ್ನು ಮನೆಗೇ ಕರೆಸಿಕೊಳ್ಳತೊಡಗಿದರು.

ಹೀಗೆ ಎರಡು ಬಾಗಿಲು. ಅಂಕದ ಬಾಗಿಲಿಗೆ ಪಾಠದ ಹಣ, ಶೀಲದ ಬಾಗಿಲಿಗೆ ವಂಶದ ಹೆಸರು. ಎರಡರ ಬೀಗದ ಕೈಯೂ ಒಂದೇ ಸೊಂಟದಲ್ಲಿ.

ಇದು ಹಳೆಯ ಕಾಲದ ಮಾತೆಂದು ತಿಳಿಯಬೇಡಿ. ಚೆಟ್ಟಿಯವರ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಅಂಕ ಸರಿಸಮವಾಗಿದ್ದಾಗಲೂ, ಮಧ್ಯಮ ತರಗತಿಯ ಮಗುವಿಗಿಂತ ಶೇಕಡಾ 1ರ ಮನೆಯ ಮಗು ಆ ದೇಶದ ಹನ್ನೆರಡು ಅತಿ ಪ್ರಸಿದ್ಧ ಕಾಲೇಜುಗಳನ್ನು ಸೇರುವ ಸಂಭವ ಎರಡು ಪಾಲಿಗೂ ಹೆಚ್ಚು. ಕಾರಣಗಳನ್ನೂ ಅವರು ಬಿಡಿಸಿದ್ದಾರೆ: ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದರೆ ಮಕ್ಕಳಿಗೆ ಸಿಗುವ ಆದ್ಯತೆ, ದೋಣಿ ನಡೆಸುವಂಥ ದುಬಾರಿ ಆಟಗಳ ಹೆಸರಿನಲ್ಲಿ ಸಿಗುವ ಸೀಟು, ಮತ್ತು ದುಬಾರಿ ಶಾಲೆಗಳ ಮಾಸ್ತರರು ಬರೆದುಕೊಡುವ ಸೊಗಸಾದ ಶಿಫಾರಸು ಪತ್ರಗಳು. ಇಷ್ಟಿದ್ದೂ ಸಾಲದವರು 2019ರಲ್ಲಿ ಸಿಕ್ಕಿಬಿದ್ದರು. ರಿಕ್ ಸಿಂಗರ್ ಎಂಬ ದಲ್ಲಾಳಿಗೆ ಹಣ ಕೊಟ್ಟು, ಮಗುವಿನ ಉತ್ತರಗಳನ್ನು ಬೇರೆಯವರಿಂದ ತಿದ್ದಿಸಿದವರು, ಆಟವೇ ಆಡದ ಮಗುವನ್ನು ಆಟಗಾರನೆಂದು ತೋರಿಸಿದವರು, ಹೀಗೆ ಸುಮಾರು 50 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಸಿನಿಮಾ ನಟಿಯರೂ ಕಂಪನಿಗಳ ಯಜಮಾನರೂ ಅದರಲ್ಲಿದ್ದರು. ಇವರೆಲ್ಲರೂ 'ಯೋಗ್ಯತೆ'ಯನ್ನು ಹೊಗಳುವ ಸಮಾಜದ ಮುಂದಾಳುಗಳು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 2020ರಲ್ಲಿ ಸಾಂಕ್ರಾಮಿಕ ರೋಗ ಹರಡಿ ಪರೀಕ್ಷೆಯ ಕೊಠಡಿಗಳು ಮುಚ್ಚಿದವು. ಅಮೆರಿಕಾದ ಬಹುಪಾಲು ಹೆಸರಾಂತ ಕಾಲೇಜುಗಳು, ಅಂಕ ಕಳಿಸುವುದು ಬಿಡುವುದು ನಿಮ್ಮಿಷ್ಟ ಎಂದವು. ಕೆಲವು ಕಾಲೇಜುಗಳು ಬಹಳ ಹಿಂದೆಯೇ ಹಾಗೆ ಮಾಡಿದ್ದವು. ಬೌಡನ್ ಎಂಬ ಕಾಲೇಜು 1969ರಲ್ಲೇ ಮಾಡಿತ್ತು. ಬಡ ಮಕ್ಕಳಿಗೆ ಇದು ವರವಾಯಿತೆಂದು ಎಲ್ಲರೂ ಎಣಿಸಿದರು. ಡಾರ್ಟ್‌ಮತ್ ಕಾಲೇಜಿನ ನಾಲ್ವರು ಅಧ್ಯಾಪಕರು ತಮ್ಮದೇ ಕಾಲೇಜಿನ ಅರ್ಜಿಗಳನ್ನು ತೆಗೆದು ಪರಿಶೀಲಿಸಿದಾಗ ಕಂಡದ್ದು ಬೇರೆ. ಬಡ ಮನೆಗಳಿಂದ ಬಂದ ಅನೇಕ ಮಕ್ಕಳು, 1400ರ ಆಸುಪಾಸಿನ ಅಂಕ ಬಂದವರು, ತಮ್ಮ ಅಂಕವನ್ನು ಬಚ್ಚಿಟ್ಟಿದ್ದರು. ಪತ್ರಿಕೆಯಲ್ಲಿ ನೋಡಿದ ಸರಾಸರಿಗಿಂತ ತಮ್ಮದು ಕಡಿಮೆಯೆಂದು ನಾಚಿ ಬಚ್ಚಿಟ್ಟಿದ್ದರು. ಆದರೆ ಸೀಟು ಕೊಡುವವರು ಅಂಕವನ್ನು ಹುಡುಗ ಓದಿದ ಶಾಲೆಯ ಜೊತೆಗಿಟ್ಟು ನೋಡುತ್ತಿದ್ದರು. ಉಳಿದವರು ಸಾವಿರ ದಾಟಲು ತಿಣುಕುವ ಶಾಲೆಯಲ್ಲಿ ಒಬ್ಬ 1400 ತಂದನೆಂದರೆ ಅವನು ಅಸಾಧಾರಣನೆಂದು ಅವರಿಗೆ ಗೊತ್ತಿತ್ತು. ಕಳಿಸಿದ್ದರೆ ಸೀಟು ಸಿಗುವ ಸಂಭವ ಎಷ್ಟೋ ಹೆಚ್ಚುತ್ತಿತ್ತು. ಕಳಿಸಲಿಲ್ಲ, ಆ ಹುಡುಗನ ಅರ್ಜಿ ಸಾವಿರಾರು ಅರ್ಜಿಗಳ ರಾಶಿಯಲ್ಲಿ ಕಣ್ಣಿಗೆ ಬೀಳದೆ ಹೋಯಿತು.

ಹೀಗಾಗಿ 2024ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಯೇಲ್, ಬ್ರೌನ್, ಹಾರ್ವರ್ಡ್ ಅದೇ ವರ್ಷ ಹಿಂಬಾಲಿಸಿದವು. ಕ್ಯಾಲಿಫೋರ್ನಿಯಾ ರಾಜ್ಯದ ವಿಶ್ವವಿದ್ಯಾನಿಲಯ ಮಾತ್ರ 2020ರಲ್ಲಿ ಕೈಬಿಟ್ಟದ್ದನ್ನು ಪ್ರವೇಶಕ್ಕೆ ನೋಡುವುದೇ ಇಲ್ಲವೆಂದು ನಿಂತಿತು. ಯಾರು ಸರಿ ಎಂಬ ವಿದ್ವಾಂಸರ ಜಗಳ ಇನ್ನೂ ನಡೆದಿದೆ, ನಡೆಯಲಿ. ನನಗೆ ಮುಖ್ಯವಾಗಿ ಕಾಣುವುದು ಆ ಬಚ್ಚಿಟ್ಟ ಅಂಕಪಟ್ಟಿ. ಹೊರಗಿನವರು ಬಾಗಿಲು ಹಾಕುವುದು ಒಂದು ಅನ್ಯಾಯ. ಬಾಗಿಲು ಅರ್ಧ ತೆರೆದಿರುವಾಗಲೂ ಹೊಸ್ತಿಲ ಹೊರಗೆ ನಿಂತು ತಾನೇ ಹಿಂದಿರುಗುವಂತೆ ಒಬ್ಬ ಹುಡುಗನ ಮನಸ್ಸನ್ನು ತಯಾರು ಮಾಡುವುದು ಅದಕ್ಕಿಂತ ಘೋರವಾದ ಅನ್ಯಾಯ. ಕೂಲಿ ಕಡಿಮೆ ಕೊಡುವ ಮಾಲೀಕನಿಗಿಂತ, "ನನ್ನ ಕೆಲಸಕ್ಕೆ ಇಷ್ಟೇ ಬೆಲೆ" ಎಂದು ಕೂಲಿಕಾರನೇ ನಂಬುವಂತೆ ಮಾಡಿದ ಮಾಲೀಕ ಹೆಚ್ಚು ನಿಶ್ಚಿಂತನಾಗಿ ಮಲಗುತ್ತಾನಲ್ಲವೆ?

ಇದಕ್ಕೆ ಇನ್ನೊಂದು ದಾರಿಯನ್ನು ಟೆಕ್ಸಾಸ್ ರಾಜ್ಯ ಹಿಡಿಯಿತು. ಅಲ್ಲಿ ಕಪ್ಪು ಜನರಿಗೂ ಮೆಕ್ಸಿಕೋ ಮೂಲದವರಿಗೂ ಕಾಲೇಜು ಪ್ರವೇಶದಲ್ಲಿ ಕೊಡುತ್ತಿದ್ದ ವಿಶೇಷ ಪರಿಗಣನೆಯನ್ನು 1996ರಲ್ಲಿ ಒಂದು ನ್ಯಾಯಾಲಯ ತಡೆಹಿಡಿಯಿತು. ಮರುವರ್ಷ ಆ ರಾಜ್ಯದ ಶಾಸನ ಸಭೆ ಒಂದು ಕಾನೂನು ಮಾಡಿತು: ರಾಜ್ಯದ ಯಾವುದೇ ಹೈಸ್ಕೂಲಿನಲ್ಲಿ ಮೊದಲ ಶೇಕಡಾ 10ರೊಳಗೆ ಬಂದವನಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಸೀಟು ಕೊಡತಕ್ಕದ್ದು, ಅವನ ಎಸ್.ಎ.ಟಿ. ಅಂಕ ಎಷ್ಟೇ ಇರಲಿ. ನಗರದ ಕಪ್ಪು ಜನರ ಪ್ರತಿನಿಧಿಗಳೂ ಹಳ್ಳಿಗಾಡಿನ ಬಿಳಿಯ ರೈತರ ಪ್ರತಿನಿಧಿಗಳೂ ಸೇರಿ ಇದಕ್ಕೆ ಓಟು ಹಾಕಿದರು. ರಾಜಧಾನಿ ಆಸ್ಟಿನ್ನಿನ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಒಬ್ಬನನ್ನೂ ಕಳಿಸದಿದ್ದ ಶಾಲೆಗಳು ಎರಡೂ ಕಡೆ ಇದ್ದವು. ಬಡವರು ಬಣ್ಣ ಬಿಟ್ಟು ಲೆಕ್ಕ ಹಾಕಿದರೆ ಏನಾಗಬಹುದೆಂಬುದಕ್ಕೆ ಇದೊಂದು ದೃಷ್ಟಾಂತ. ಕೆಲವು ಅನುಕೂಲವಂತರು ಮಕ್ಕಳನ್ನು ಒಳ್ಳೆಯ ಶಾಲೆಯಿಂದ ಬಿಡಿಸಿ, ಮೊದಲ ಹತ್ತರೊಳಗೆ ಬರುವುದು ಸುಲಭವಾದ ಶಾಲೆಗೆ ಸೇರಿಸಿದ್ದೂ ಉಂಟಂತೆ. ಆ ನೆಪದಲ್ಲಾದರೂ ಬಡ ಶಾಲೆಯ ಬೆಂಚಿನ ಮೇಲೆ ಕುಳಿತರಲ್ಲ!

"ಕಡಿಮೆ ಅಂಕದವನನ್ನು ಒಳಗೆ ಬಿಟ್ಟರೆ ಅವನು ಅಲ್ಲಿ ಮುಳುಗುತ್ತಾನೆ, ಪಾಪ, ಅವನ ಒಳ್ಳೆಯದಕ್ಕೇ ಬೇಡವೆನ್ನುತ್ತೇವೆ" ಎಂಬ ಮೃದುವಾದ ವಾದವೊಂದಿದೆ. ಇದಕ್ಕೆ ಆಸ್ಟಿನ್ನಿನಲ್ಲೇ ಉತ್ತರ ಸಿಕ್ಕಿತು. ಡೇವಿಡ್ ಲಾಡ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕ ಮೊದಲ ವರ್ಷದ 500 ಮಂದಿಯ ತರಗತಿಗೆ ಪಾಠ ಹೇಳುತ್ತಿದ್ದ. ಪ್ರತಿ ವರ್ಷ ಒಂದಷ್ಟು ಹುಡುಗರು ನಪಾಸಾಗುತ್ತಿದ್ದರು. ನೋಡಿದರೆ ಬಹುಪಾಲು ಬಡ ಮನೆಯವರು, ಎಸ್.ಎ.ಟಿ.ಯಲ್ಲಿ ಅಂಕ ಕಡಿಮೆಯಿದ್ದವರು. 1999ರಲ್ಲಿ ಅಂಥ 50 ಮಂದಿಯನ್ನು ಆರಿಸಿ ಬೇರೆ ಚಿಕ್ಕ ತರಗತಿ ಮಾಡಿದ. ಉಳಿದವರಿಗಿಂತ ಅವರ ಅಂಕ ಸುಮಾರು 200ರಷ್ಟು ಕಡಿಮೆ. ಆದರೆ ಅವರಿಗೆ ಸುಲಭದ ಪಾಠ ಹೇಳಲಿಲ್ಲ. ಅದೇ ಪಾಠ, ಅದೇ ಪ್ರಶ್ನೆಪತ್ರಿಕೆ. ನೀವು ಹಿಂದುಳಿದವರೆಂದು ಹೇಳಲಿಲ್ಲ. ವಿಶೇಷ ತಂಡಕ್ಕೆ ಆಯ್ಕೆಯಾಗಿದ್ದೀರಿ ಎಂದ. ವಾರಕ್ಕೆ ಕೆಲವು ಗಂಟೆ ಹೆಚ್ಚಿನ ಪಾಠ, ಬುದ್ಧಿ ಹೇಳಲು ಮೇಲಿನ ತರಗತಿಯ ವಿದ್ಯಾರ್ಥಿಗಳು, ಇಷ್ಟನ್ನು ಸೇರಿಸಿದ. ವರ್ಷದ ಕೊನೆಗೆ ದೊಡ್ಡ ತರಗತಿಯವರಿಗೆ ಬಂದಂಥ ದರ್ಜೆಗಳೇ ಇವರಿಗೂ ಬಂದವು. ಮುಂದೆ ಪದವಿ ಮುಗಿಸಿದವರ ಪ್ರಮಾಣ ಇಡೀ ವಿಶ್ವವಿದ್ಯಾನಿಲಯದ ಸರಾಸರಿಗಿಂತಲೂ ಮೇಲಿತ್ತು.

ಗಟ್ಟಿ ನೂಲು ಕೊಟ್ಟು ನೋಡಿದರು, ಅಷ್ಟೆ. ಮಾಸ್ತರನಾಗಿದ್ದ ನನಗೆ ಈ ಸಂಗತಿ ಉಳಿದೆಲ್ಲ ಅಂಕಿ ಅಂಶಗಳಿಗಿಂತ ಹೆಚ್ಚು ಸಮಾಧಾನ ಕೊಟ್ಟಿತು. ಹಿಂದಿನ ಬೆಂಚಿನ ಹುಡುಗನಿಗೆ ದಡ್ಡನೆಂದು ಒಮ್ಮೆ ಹೆಸರಿಟ್ಟರೆ ಅವನು ಆ ಹೆಸರನ್ನು ಎಷ್ಟು ವಿಧೇಯನಾಗಿ ಉಳಿಸಿಕೊಳ್ಳುತ್ತಾನೆಂದು ಪಾಠ ಹೇಳಿದವರೆಲ್ಲರಿಗೂ ಗೊತ್ತು.

ಟೆಕ್ಸಾಸಿನ ಕಾನೂನಿನ ಫಲವನ್ನು ಬಹಳ ವರ್ಷಗಳ ಮೇಲೆ ಅರ್ಥಶಾಸ್ತ್ರಜ್ಞರು ಅಳೆದರು. ಆ ಕಾನೂನಿನಿಂದ ಒಳಗೆ ಬಂದವರಲ್ಲಿ ಪದವಿ ಪಡೆದವರು ಹೆಚ್ಚಾದರು, ಸಂಪಾದನೆಯೂ ಹೆಚ್ಚಿದ ಸೂಚನೆ ಕಂಡಿತು; ಸೀಟು ತಪ್ಪಿದ ಅನುಕೂಲವಂತರ ಮಕ್ಕಳು ಬೇರೆ ಒಳ್ಳೆಯ ಕಾಲೇಜಿಗೆ ಸೇರಿ, ಪದವಿಯಲ್ಲಾಗಲಿ ಸಂಪಾದನೆಯಲ್ಲಾಗಲಿ ಏನನ್ನೂ ಕಳೆದುಕೊಳ್ಳಲಿಲ್ಲ. ಸೀಟಿಗಾಗಿ ಬಡಿದಾಡುವಾಗ ಇದನ್ನು ನೆನಪಿಡಬೇಕು. ಒಬ್ಬನಿಗೆ ಆ ಸೀಟು ಬದುಕು, ಇನ್ನೊಬ್ಬನಿಗೆ ಗೋಡೆಯ ಮೇಲಿನ ಚೌಕಟ್ಟು. ಆದರೂ ಬಿಡಲಿಲ್ಲ. ಜನಸಂಖ್ಯೆ ಬೆಳೆಯಿತು, ಸೀಟು ಆ ಪ್ರಮಾಣದಲ್ಲಿ ಬೆಳೆಯಲಿಲ್ಲ, 2009ರಲ್ಲಿ ಆಸ್ಟಿನ್ನಿಗೆ ವಿನಾಯಿತಿ ಕೊಟ್ಟರು. ಅಲ್ಲಿ ಶೇಕಡಾ 10 ಎಂಬುದು ಕರಗುತ್ತ ಬಂದು 2026ರ ಪ್ರವೇಶಕ್ಕೆ 5ಕ್ಕೆ ಇಳಿದಿದೆ. ಈ ಪದ್ಧತಿಯಲ್ಲಿ ಒಂದು ನೋವಿನ ಸಂಗತಿಯೂ ಉಂಟು. ಕಪ್ಪು ಮಕ್ಕಳು ಒಂದು ಶಾಲೆ, ಬಿಳಿಯ ಮಕ್ಕಳು ಒಂದು ಶಾಲೆ ಎಂದು ಬೇರೆಯಾಗಿ ಓದುತ್ತಿರುವುದರಿಂದಲೇ ಅದು ಅಷ್ಟು ಫಲ ಕೊಟ್ಟಿತು.

2023ರ ಜೂನ್‌ನಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು ಹಾರ್ವರ್ಡ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಸೀಟು ಕೊಡುವಾಗ ವರ್ಣವನ್ನು ಲೆಕ್ಕಕ್ಕೆ ಹಿಡಿಯಕೂಡದೆಂದಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಿರುವ ಆದ್ಯತೆಯನ್ನು ಆ ತೀರ್ಪು ಮುಟ್ಟಲಿಲ್ಲ. ಗುಲಾಮರ ಮೊಮ್ಮಕ್ಕಳ ಚರಿತ್ರೆ ಲೆಕ್ಕಕ್ಕಿಲ್ಲ, ಯಜಮಾನರ ಮೊಮ್ಮಕ್ಕಳ ಚರಿತ್ರೆ ಲೆಕ್ಕಕ್ಕುಂಟು ಎಂದಂತಾಯಿತು. ಕ್ಯಾಲಿಫೋರ್ನಿಯಾ ಸೇರಿದಂತೆ ಕೆಲವು ರಾಜ್ಯಗಳು ಆ ವಂಶದ ಆದ್ಯತೆಯನ್ನು ಕಾನೂನಿನಿಂದ ನಿಷೇಧಿಸುತ್ತ ಬಂದಿರುವುದು ಸಂತೋಷದ ವಿಷಯ.

ನಮ್ಮ ನಾಡಿಗೆ ಈ ಜಗಳ ಹೊಸದೆ? 1918ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಹಿಂದುಳಿದವರಿಗೆ ಸರ್ಕಾರಿ ನೌಕರಿಯ ದಾರಿ ಮಾಡಿಕೊಟ್ಟಾಗ "ಯೋಗ್ಯತೆ ಕೆಡುತ್ತದೆ" ಎಂಬ ಕೂಗು ಎದ್ದಿತ್ತು. ಆಗಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೂ ಆ ಕ್ರಮ ಒಪ್ಪಿಗೆಯಾಗಿರಲಿಲ್ಲ. ಅನಂತರ 1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳ ಜೊತೆಗೆ ಶೇಕಡಾ 25ರಷ್ಟು ಅಂಕವನ್ನು ಸಂದರ್ಶನಕ್ಕೆ ಇಟ್ಟಿತು. ಆ ಅಂಕ ಯಾತಕ್ಕೆ? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಭಾಷಣ, ನಾಟಕ. ಚಿತ್ರಲೇಖಾ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಸಂದರ್ಶನವನ್ನು ಎತ್ತಿಹಿಡಿಯಿತು. ಹಳ್ಳಿಯ ಶಾಲೆಯಲ್ಲಿ ಎನ್.ಸಿ.ಸಿ. ಎಲ್ಲಿ, ನಾಟಕದ ಬಹುಮಾನ ಎಲ್ಲಿ? ಹಾರ್ವರ್ಡಿನ 'ಶೀಲ' ಮೈಸೂರಿಗೂ ಬಂದಿತ್ತು. ಆಮೇಲೆ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಬಂತು, ಸಂದರ್ಶನದ ಕಾಟ ತಪ್ಪಿತೆಂದು ಬಡವರು ನಿಟ್ಟುಸಿರು ಬಿಟ್ಟರು. ಈಗ ವೈದ್ಯಕೀಯಕ್ಕೆ 720 ಅಂಕದ ನೀಟ್. ಅದರ ಹಿಂದೆ ಲಕ್ಷಗಟ್ಟಲೆ ರೂಪಾಯಿಯ ತರಬೇತಿ ಅಂಗಡಿಗಳು.

ಆದರೆ ಶಾಲೆಯನ್ನು ನೋಡಿ ಅಂಕವನ್ನು ಓದುವ ಒಂದು ಕ್ರಮ ನಮ್ಮಲ್ಲೂ ಉಂಟು. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳು ಜಾತಿವಾರು ಮೀಸಲಾತಿಯ ಒಳಗೇ ಇವೆ. ಡಾರ್ಟ್‌ಮತ್ತಿನ ಹುಡುಗರು ಅಂಕಪಟ್ಟಿ ಬಚ್ಚಿಟ್ಟ ಹಾಗೆ ನಮ್ಮ ಕೆಲವು ಹುಡುಗರು ಕನ್ನಡ ಶಾಲೆಯ ಹೆಸರನ್ನು ಬಚ್ಚಿಡುತ್ತಾರೆ. ಅದು ಅವರಿಗೆ ಕುಂದಲ್ಲ, ಅರ್ಜಿಯಲ್ಲಿ ಬರೆಯಬೇಕಾದ ಹಕ್ಕು.

ಕೊನೆಯದಾಗಿ ಒಂದು ಕಾಗದದ ಸಂಗತಿ. ಮಿಷಿಗನ್ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ಒಂದು ಚಿಂತೆಯಿತ್ತು. ಬಡ ಮನೆಯ ಜಾಣ ಮಕ್ಕಳಿಗೆ ಅಲ್ಲಿ ಫೀ ಹೆಚ್ಚುಕಡಿಮೆ ಮಾಫಿಯಾಗುತ್ತಿತ್ತು. ಆದರೂ ಅವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. 2015ರಲ್ಲಿ ಅರ್ಥಶಾಸ್ತ್ರಜ್ಞೆ ಸುಸಾನ್ ಡೈನಾರ್ಸ್ಕಿ ಮತ್ತು ಜೊತೆಯವರು ಒಂದು ಪ್ರಯೋಗಕ್ಕೆ ಕೈಹಾಕಿದರು. ಅಂಥ ಮಕ್ಕಳಲ್ಲಿ ಒಂದು ಗುಂಪನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅವರ ಮನೆಗೆ ಬಣ್ಣದ ಲಕೋಟೆಯಲ್ಲಿ ಒಂದು ಪತ್ರ ಕಳಿಸಿದರು. ನೀನು ಅರ್ಜಿ ಹಾಕು. ಸೀಟು ಸಿಕ್ಕರೆ ನಾಲ್ಕು ವರ್ಷದ ಫೀ ಪೂರ್ತಿ ಮಾಫಿ. ಅದಕ್ಕಾಗಿ ಬೇರೆ ಯಾವ ಫಾರಂ ಅನ್ನೂ ತುಂಬಬೇಕಾಗಿಲ್ಲ. ಇಷ್ಟೇ ಒಕ್ಕಣೆ. ತಂದೆತಾಯಿಗೊಂದು, ಶಾಲೆಯ ಮುಖ್ಯೋಪಾಧ್ಯಾಯರಿಗೊಂದು ಪತ್ರವನ್ನೂ ಬರೆದರು. ಪ್ರವೇಶದ ನಿಯಮ ಒಂದಕ್ಷರವೂ ಸಡಿಲವಾಗಲಿಲ್ಲ. ಪತ್ರ ಬಾರದವರಲ್ಲಿ ನೂರಕ್ಕೆ 26 ಮಂದಿ ಅರ್ಜಿ ಹಾಕಿದರು, ಪತ್ರ ಬಂದವರಲ್ಲಿ 68 ಮಂದಿ. ಸೇರಿದವರು 12ರಿಂದ 27ಕ್ಕೆ ಏರಿದರು.

ನಮ್ಮ ಶಾಖೆಗಳಿಗೆ ಬಣ್ಣದ ಲಕೋಟೆ ಅಚ್ಚು ಹಾಕಿಸುವ ಶಕ್ತಿ ಇಲ್ಲ, ಕಾಲುಗಳಿಗೆ ಶಕ್ತಿಯಿದೆ. ಪ್ರವೇಶದ ಅರ್ಜಿಗಳು ಹೊರಡುವ ದಿನಗಳಲ್ಲಿ ಪಕ್ಷದ ಕಚೇರಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಮೇಜು ಹಾಕಿರುತ್ತೇವೆ. ಇಬ್ಬರು ಕಂಪ್ಯೂಟರ್ ಬಲ್ಲ ತರುಣರು ಕುಳಿತಿರುತ್ತಾರೆ, ನಾನೂ ಇರುತ್ತೇನೆ. ಯಾವ ಬಣದವರೆಂದು ಕೇಳುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವವರು ಮಲಗುವ ಮೊದಲೇ ಮಕ್ಕಳನ್ನು ಕರೆದುಕೊಂಡು ಬನ್ನಿ. ಮಗು ಓದಿದ ಶಾಲೆಯಿಂದ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ಪಡೆದಿರಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸೀಟುಗಳನ್ನು ಅರ್ಜಿ ತುಂಬುವಾಗಲೇ ಕೇಳಿಕೊಳ್ಳಬೇಕು, ಆಮೇಲೆ ಕೇಳಿದರೆ ಕಷ್ಟ. ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ದಿನ ಹಿಡಿಯುತ್ತದೆ, ಈಗಲೇ ಹಾಕಿಡಿ. ಅಂಕಪಟ್ಟಿಯನ್ನು, ಅದರಲ್ಲಿ ಎಷ್ಟೇ ಬಂದಿರಲಿ, ಮಡಿಸದೆ ತನ್ನಿ. ಸ್ಕ್ಯಾನ್ ಮಾಡುವಾಗ ಮಡಿಕೆಯ ಮೇಲಿನ ಅಕ್ಷರ ಕಾಣುವುದಿಲ್ಲ.